ಟ್ಯೂಬ್ ಆಂಪ್ಲಿಫೈಯರ್‌ನ ಗುಂಯ್ ಸದ್ದು: ಐದೂ ಟ್ಯೂಬು ಬದಲಿಸಬೇಕೇ?

ಪ್ರಶ್ನೆ:
ನಮಸ್ಕಾರ. ನನ್ನ ಗಿಟಾರ್ ಆಂಪ್ಲಿಫೈಯರ್‌ನಲ್ಲಿ ಮೂರು 12ಎಎಕ್ಸ್7 (ಸಂಕೇತವನ್ನು ಮೊದಲು ಹಿಗ್ಗಿಸುವ ಚಿಕ್ಕವು), ಎರಡು ಇಎಲ್34 (ಸ್ಪೀಕರ್‌ಗೆ ಶಕ್ತಿ ಕೊಡುವ ದೊಡ್ಡವು) ಟ್ಯೂಬುಗಳಿದ್ದು, ಸ್ಪೀಕರ್ ಕೂಡ ಅದೇ ಪೆಟ್ಟಿಗೆಯಲ್ಲಿದೆ. ಗಿಟಾರ್ ಜೋಡಿಸದಿದ್ದರೂ ಗುಂಯ್ ಎನ್ನುವ ಸದ್ದು ಬರುತ್ತದೆ. ಗೇನ್ (ಸಂಕೇತ ಹಿಗ್ಗಿಸುವ ಮಟ್ಟ) ಹೆಚ್ಚಿಸಿದರೆ ಗಂಟೆ ಬಾರಿಸಿದಂಥ ಕೂಗೂ ಸೇರಿಕೊಳ್ಳುತ್ತದೆ. ಐದನ್ನೂ ಬದಲಿಸಬೇಕೆಂದು ಅಂಗಡಿಯವರು ಹೇಳಿದ್ದಾರೆ. ಅಷ್ಟು ಹಣ ಸುರಿಯುವ ಮೊದಲು ದೋಷವನ್ನು ಮನೆಯಲ್ಲೇ ಪತ್ತೆ ಮಾಡಬಹುದೇ?

ಉತ್ತರ 1:
ಇವು ಎರಡು ಬೇರೆ ಬೇರೆ ದೋಷಗಳು. ಟ್ಯೂಬಿನೊಳಗಿನ ಬಿಡಿಭಾಗಗಳು ಸಡಿಲಗೊಂಡು, ಸ್ಪೀಕರಿನ ಕಂಪನಕ್ಕೆ ತಾವೂ ಅದುರಿ, ಆ ಅದುರಾಟವನ್ನೇ ಸಂಕೇತವಾಗಿ ಮುಂದಿನ ಹಂತಕ್ಕೆ ದಾಟಿಸಿದಾಗ ಗಂಟೆಯ ಕೂಗು ಹುಟ್ಟುತ್ತದೆ. ಇದಕ್ಕೆ ಮೈಕ್ರೋಫೋನಿಕ್ ದೋಷವೆನ್ನುತ್ತಾರೆ. ಒಣ ಬಿದಿರು ಕಡ್ಡಿಯಿಂದ ಒಂದೊಂದು 12ಎಎಕ್ಸ್7 ಅನ್ನೂ ಮೆಲ್ಲಗೆ ತಟ್ಟಿ ನೋಡಿ. ಇನ್‌ಪುಟ್ ಜ್ಯಾಕ್‌ಗೆ ಸಮೀಪದ್ದು ಸ್ವಲ್ಪ ಸದ್ದು ಮಾಡುವುದು ಸಹಜ, ಏಕೆಂದರೆ ಉಳಿದೆಲ್ಲ ಹಂತಗಳು ಅದನ್ನು ಹಿಗ್ಗಿಸುತ್ತವೆ. ನಾದ ಎಳೆದುಕೊಂಡು ಹೋದರೆ ಮಾತ್ರ ದೋಷವಿದೆ. ಆಗಲೂ ಎಸೆಯಬೇಡಿ. ಸ್ವಿಚ್ ಆರಿಸಿ, ತಣ್ಣಗಾದ ಮೇಲೆ ಇಎಲ್34ಗಳ ಪಕ್ಕದ ಫೇಸ್ ಇನ್ವರ್ಟರ್ (ಎರಡೂ ಇಎಲ್34ಗಳಿಗೆ ಸಂಕೇತ ಹಂಚುವ ಹಂತ) ಸ್ಥಾನಕ್ಕೆ ಹಾಕಿದರೆ ಅದು ಬಹುಮಟ್ಟಿಗೆ ಸುಮ್ಮನಿರುತ್ತದೆ.

ಉತ್ತರ 2:
ಗುಂಯ್ ಸದ್ದಿನ ಸ್ಥಾಯಿಯನ್ನು ಗಮನಿಸಿ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು. ಹೀಟರ್ (ಟ್ಯೂಬನ್ನು ಒಳಗಿನಿಂದ ಕಾಯಿಸುವ ತಂತಿ) ದಾರಿಯಿಂದ ನುಸುಳಿದ ಸದ್ದು ಅದೇ ಸ್ಥಾಯಿಯಲ್ಲಿರುತ್ತದೆ. ಫಿಲ್ಟರ್ ಕೆಪಾಸಿಟರ್ (ವಿದ್ಯುತ್ತಿನ ಏರಿಳಿತವನ್ನು ಸಮಗೊಳಿಸುವ ಭಾಗ) ಹಳತಾಗಿದ್ದರೆ ಅಥವಾ ಇಎಲ್34 ಜೋಡಿಯ ಸಮತೋಲ ತಪ್ಪಿದ್ದರೆ 100 ಹರ್ಟ್ಸ್ ಕೇಳುತ್ತದೆ. ಆರನೇ ತಂತಿಯ ಮೂರನೇ ಫ್ರೆಟ್‌ನ ಸ್ವರ 98 ಹರ್ಟ್ಸ್ ಆದ್ದರಿಂದ ಹೋಲಿಸಲು ಬೇರೆ ಉಪಕರಣ ಬೇಡ. ಕೆಪಾಸಿಟರ್‌ಗಳನ್ನು ಮಾತ್ರ ನೀವು ಮುಟ್ಟಬೇಡಿ. ಪ್ಲಗ್ ಕಿತ್ತ ಮೇಲೂ ಅವುಗಳಲ್ಲಿ ಪ್ರಾಣಾಪಾಯ ತರುವ ವೋಲ್ಟೇಜ್ ಉಳಿದಿರಬಹುದು. ಇಎಲ್34 ಬದಲಿಸುವುದಾದರೆ ಜೋಡಿಯಾಗಿಯೇ ಬದಲಿಸಿ, ಫಿಕ್ಸೆಡ್ ಬಯಾಸ್ (ಸಂಕೇತವಿಲ್ಲದಾಗ ಟ್ಯೂಬಿನಲ್ಲಿ ಹರಿಯುವ ಕರೆಂಟನ್ನು ಹೊಂದಿಸುವ ಒಂದು ಬಗೆ) ಇದ್ದಲ್ಲಿ ಅದನ್ನು ಮತ್ತೆ ಅಳೆಸಿ. ಸ್ಪೀಕರ್ ಜೋಡಿಸದೆ ಎಂದೂ ಚಾಲೂ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು.

ಉತ್ತರ 3:
ನಾನು ವಾಲ್ವ್ (ಟ್ಯೂಬಿಗೆ ಇನ್ನೊಂದು ಹೆಸರು) ರೇಡಿಯೋ ರಿಪೇರಿ ಮಾಡುತ್ತಿದ್ದವನು. ಬೆಂಗಳೂರಿನ ಬಿಇಎಲ್ ವಾಲ್ವ್‌ಗಳು ಅಂಗಡಿಯಲ್ಲಿ ಸಿಗುತ್ತಿದ್ದ ಕಾಲದವನು. ನಮ್ಮಲ್ಲಿಗೆ ಬರುತ್ತಿದ್ದ ಕರಕರ ಸದ್ದಿನ ದೂರುಗಳಲ್ಲಿ ಎಷ್ಟೋ ಸಾಕೆಟ್‌ನ ಕಿಲುಬಿನಿಂದಲೇ ಆದವು. ಆಂಪ್ಲಿಫೈಯರ್ ಆರಿಸಿ, ಪಿನ್ನುಗಳಿಗೆ ತುಸು ಕಾಂಟ್ಯಾಕ್ಟ್ ಕ್ಲೀನರ್ ಹಚ್ಚಿ, ಟ್ಯೂಬನ್ನು ನಾಲ್ಕಾರು ಬಾರಿ ನೆಟ್ಟಗೆ ಎಳೆದು ಕೂರಿಸಿ, ಪೂರ್ತಿ ಒಣಗಿಸಿ. ಗಾಜಿನೊಳಗಿನ ಬೆಳ್ಳಿ ಲೇಪ ಹಾಲಿನಂತೆ ಬಿಳುಚಿದ್ದರೆ ಒಳಗೆ ಗಾಳಿ ನುಗ್ಗಿದೆಯೆಂದೇ ಅರ್ಥ, ಅಂಥದ್ದನ್ನು ಬಳಸಬಾರದು.

ಪ್ರಶ್ನೆ ಕೇಳಿದವರು:
ಮೊದಲ ಟ್ಯೂಬನ್ನು ಮೂರನೆಯದರೊಂದಿಗೆ ಅದಲುಬದಲು ಮಾಡಿದೆ, ಕೂಗು ನಿಂತಿತು. ಗುಂಯ್ ಸದ್ದು ಮೂರನೇ ಫ್ರೆಟ್‌ನ ಸ್ವರಕ್ಕೇ ಹೊಂದುತ್ತಿದೆ. ಇಎಲ್34 ಜೋಡಿಯನ್ನೂ ಕೆಪಾಸಿಟರ್‌ಗಳನ್ನೂ ಪರೀಕ್ಷಿಸಲು ನಾಳೆ ತಂತ್ರಜ್ಞರಿಗೆ ಕೊಡುತ್ತೇನೆ.