ಮಾಲೆ ಟೈಮು, ಮಾಲಾ ಟೈಮು

"11 ನಿಮಿಷ," ಅಂದ ಸೀನು. "ನಮ್ಮ ದ್ವೀಪವನ್ನು ಒಂದು ಸುತ್ತು ಹಾಕೋದಕ್ಕೆ ಬರೀ 11 ನಿಮಿಷ."

"ನಮ್ಮ ದ್ವೀಪ ಅಂತೀಯಲ್ಲ, ಪತ್ರ ಮಾಡಿಸಿಕೊಂಡು ಬಂದೆಯಾ?" ಅಂದರು ವೆಂಕಣ್ಣ.

ಸೀನು, ಮಾಲಾ ಮಾಲ್ಡೀವ್ಸ್‌ನಿಂದ ಬಂದು ಮೂರು ದಿನವಾಗಿತ್ತು. ಇಬ್ಬರ ಮೂಗಿನ ಮೇಲೂ ಚರ್ಮ ಸುಲಿಯುತ್ತಿತ್ತು. ಫೋನು ಕೈಯಿಂದ ಕೈಗೆ ದಾಟುತ್ತಿತ್ತು. ನೀಲಿ ನೀರು, ಬಿಳಿ ಮರಳು, ಬಾಗಿದ ತೆಂಗಿನ ಮರ, ಮತ್ತೆ ನೀಲಿ ನೀರು. ನಲವತ್ತನೇ ಫೋಟೋ ದಾಟಿದ ಮೇಲೆ ಶಾಂತಕ್ಕ ಕನ್ನಡಕ ತೆಗೆದಿಟ್ಟರು.

"ಅಲ್ಲಿಗೆ ಹೋಗಿದ್ದು ಯಾಕೆ, ಅದನ್ನು ಹೇಳು ಮೊದಲು," ಅಂದರು ವೆಂಕಣ್ಣ.

"ರಿಲ್ಯಾಕ್ಸ್ ಮಾಡೋದಕ್ಕೆ."

"ಈಗ ಎಲ್ಲರ ಬಾಯಲ್ಲೂ ಇದೇ. ಮೊದಲು ಜನ ಕೆಲಸ ಮಾಡಿ ಸುಸ್ತಾಗಿ ಸುಮ್ನೆ ಕೂರುತ್ತಿದ್ದರು. ಈಗ ಸುಮ್ನೆ ಕೂರೋದಕ್ಕೆ ಟಿಕೆಟ್ ತೆಗೆಸುತ್ತಾರೆ. ಎರಡು ತಿಂಗಳು ಹುಡುಕಾಟ. ಒಂದು ದೊಡ್ಡ ವಿಮಾನ, ಆಮೇಲೆ ಒಂದು ಪುಟಾಣಿ ವಿಮಾನ. ಇಷ್ಟೆಲ್ಲ ಆದ ಮೇಲೆ ಸಿಗೋದೇನು? ಒಂದು ಕುರ್ಚಿ. ಆ ಕುರ್ಚಿಯಲ್ಲಿ ಕೂತು ಕಂಡಕಂಡವರಿಗೆಲ್ಲ ಫೋನು, ನಾವಿಲ್ಲಿ ಸುಮ್ನೆ ಕೂತಿದ್ದೇವೆ ಅಂತ!"

"ಪುಟಾಣಿ ವಿಮಾನ ಅಲ್ಲ ವೆಂಕಣ್ಣ, ಸೀಪ್ಲೇನ್. ನೀರಿನ ಮೇಲೇ ಇಳಿಯುತ್ತದೆ. ಪೈಲಟ್ ಬರಿಗಾಲಲ್ಲಿದ್ದ, ಗೊತ್ತಾ?"

"ನೀವು ಹೋದ ದಾರಿಯಲ್ಲಿ ರಿಲ್ಯಾಕ್ಸ್ ಆಗಿದ್ದವನು ಅವನೊಬ್ಬನೇ ಅಂತ ಕಾಣುತ್ತೆ. ಅವನೋ, ಕೆಲಸದ ಮೇಲಿದ್ದ."

ಅಷ್ಟು ಹೊತ್ತು ಸುಮ್ಮನಿದ್ದ ಮಾಲಾ ಬಾಯಿ ಬಿಟ್ಟಳು. "11 ನಿಮಿಷ ಅಂತ ಇವರಿಗೆ ಹೇಗೆ ಗೊತ್ತಾಯಿತು, ಅದನ್ನು ಕೇಳಿ."

ಸೀನು ಫೋನಿನಲ್ಲಿ ಏನನ್ನೋ ಹುಡುಕತೊಡಗಿದ.

"ಜಗಳ ಆಡಿದಿರಾ?" ಶಾಂತಕ್ಕ ಮತ್ತೆ ಕನ್ನಡಕ ಹಾಕಿಕೊಂಡರು.

"ಎರಡನೇ ದಿನ," ಅಂದಳು ಮಾಲಾ. "ಸಂಜೆ 5 ಗಂಟೆಗೆ ಡಾಲ್ಫಿನ್ ತೋರಿಸೋದಕ್ಕೆ ದೋಣಿ ಹೋಗುತ್ತದೆ ಅಂದಿದ್ದರು. ಅಲ್ಲಿ ಮಾಲೆ ಟೈಮು ಬೇರೆ, ದ್ವೀಪದ ಟೈಮು ಬೇರೆ. ಮಾಲೆ ಅಂದರೆ ಅವರ ರಾಜಧಾನಿ. ಅದು ನಮಗಿಂತ ಅರ್ಧ ಗಂಟೆ ಹಿಂದೆ. ನಮ್ಮ ರೆಸಾರ್ಟಿನವರು ಗಡಿಯಾರವನ್ನು ಮಾಲೆಗಿಂತ ಒಂದು ಗಂಟೆ ಮುಂದಿಟ್ಟಿದ್ದರು. ಸಂಜೆ ಬೆಳಕು ಜಾಸ್ತಿ ಹೊತ್ತು ಸಿಗಲಿ ಅಂತ. ಹೋದ ಕೂಡಲೇ ಹೇಳಿದರು. ನಾನು ವಾಚು ತಿರುಗಿಸಿಕೊಂಡೆ. ಇವರು ಫೋನು ನಂಬಿದರು."

"ಫೋನು ತಾನಾಗೇ ಸರಿಮಾಡಿಕೊಳ್ಳುತ್ತಲ್ಲ ಅಂತ..."

"ಸರಿಮಾಡಿಕೊಂಡಿತ್ತು. ಮಾಲೆಗೆ."

"ಅಲ್ಲಿ ಎಷ್ಟೋ ರೆಸಾರ್ಟುಗಳು ಹಾಗೇ ಮಾಡುತ್ತವೆ," ಅಂದ ರಘು. ರಘುವಿಗೆ ಗೊತ್ತಿಲ್ಲದ್ದು ಯಾವುದಿದೆ?

"ನಾನು ಐದಾಯಿತು ಏಳಿ ಅಂದೆ. ಇವರು ಜೋಕಾಲಿಯಲ್ಲಿ ಬಿದ್ದುಕೊಂಡು, ಈಗಿನ್ನೂ ನಾಲ್ಕು, ಫೋನು ಸುಳ್ಳು ಹೇಳುತ್ತಾ ಅಂದರು. ನಾನು ಹೇಳುತ್ತೇನಾ ಅಂದೆ. ಅಲ್ಲಿಗೆ ಶುರುವಾಯಿತು. ಜೆಟ್ಟಿಗೆ ಹೋಗಿ ನೋಡಿದರೆ ದೋಣಿ ಸಾಸಿವೆ ಕಾಳಿನಷ್ಟು ಕಾಣುತ್ತಿತ್ತು."

"ಟೈಮೇ ಬೇಡ ಅಂತ ಹೋದ ಜಾಗದಲ್ಲಿ ಟೈಮಿಗೆ ಜಗಳ!" ವೆಂಕಣ್ಣ ತೊಡೆ ತಟ್ಟಿಕೊಂಡರು. "ಮಾಲೆಯನ್ನು ನಂಬಿದೆ, ಮಾಲಾನ ನಂಬಲಿಲ್ಲ. ಕೆಟ್ಟೆಯಲ್ಲೋ ಸೀನು!"

ಮುಂದಿನದನ್ನು ಸೀನುವೇ ಹೇಳಬೇಕಾಯಿತು. "ಇವಳ ಮುಖ ನೋಡೋದೇ ಬೇಡ ಅಂತ ನಾನು ಎಡಕ್ಕೆ ಹೊರಟೆ. ಇವಳು ಬಲಕ್ಕೆ ಹೊರಟಳು. ಐದಾರು ನಿಮಿಷ ನಡೆದಿರಬೇಕು. ದೂರದಲ್ಲಿ ಯಾರೋ ಹೆಂಗಸು ಸಿಟ್ಟಿನಿಂದ ಮರಳು ಒದೆಯುತ್ತಾ ಬರುತ್ತಿದ್ದಾಳೆ. ಪಾಪ, ಇವಳಿಗೂ ಯಾರೋ ಗಂಡ ಇರಬೇಕು ಅಂದುಕೊಂಡೆ. ಹತ್ತಿರ ಬಂದರೆ ಇವಳೇ!"

"ಐದೂವರೆ ನಿಮಿಷ," ಅಂದ ರಘು. "11 ನಿಮಿಷದ ದ್ವೀಪದಲ್ಲಿ ಎದುರುಬದುರು ಹೊರಟರೆ..."

"ಗೊತ್ತಪ್ಪಾ. ನಾನು ಮುಖ ತಿರುಗಿಸಿ ಬಂದ ದಾರಿಯಲ್ಲೇ ವಾಪಸು ಹೊರಟೆ. ಇವಳೂ ವಾಪಸು ಹೊರಟಳು. ಜೆಟ್ಟಿಯ ಹತ್ತಿರ ಮತ್ತೆ ಎದುರಿಗೆ. ಹೋಗುತ್ತಾ ಐದೂವರೆ, ಬರುತ್ತಾ ಐದೂವರೆ."

ವೆಂಕಣ್ಣ ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡರು. "ಭೂಮಿ ದುಂಡಗಿದೆ ಅಂತ ಮೇಷ್ಟರು ಎಷ್ಟು ಬಡಿದುಕೊಂಡರೂ ನಿನ್ನ ತಲೆಗೆ ಹೋಗಿರಲಿಲ್ಲ. ಈಗ ಹೋಯಿತಾ? ರಘು, ಆ ದೇಶದಲ್ಲಿ ಒಟ್ಟು ಎಷ್ಟು ದ್ವೀಪ?"

"ಸುಮಾರು 1,200. ಊರು ಅಂತ ಇರೋದು ಸುಮಾರು 200ರಲ್ಲಿ."

"ಅಷ್ಟು ಖಾಲಿ ಬಿದ್ದಿವೆಯಲ್ಲ! ಮುನಿಸಿಕೊಂಡ ಗಂಡಂದಿರಿಗೆ ಅಂತ ಒಂದನ್ನು ಮೀಸಲಿಡಬಾರದಿತ್ತೇ?"

"ಅಲ್ಲಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟು ವೆಂಕಣ್ಣ. 1972ರಲ್ಲಿ ಮೊದಲ ರೆಸಾರ್ಟು ಕುರುಂಬಾ ಶುರುವಾದಾಗಿನಿಂದ..."

"ಅದೇ ನಾನು ಹೇಳೋದು. ಪಕ್ಕದ ಹೋಟೆಲಿಗೆ ಹೋಗಿ ಕೂರೋಣ ಅಂದರೆ ಪಕ್ಕ ಅನ್ನೋದೇ ಇಲ್ಲ."

"ತವರಿಗೆ ಹೋಗುತ್ತೇನೆ ಅನ್ನಬೇಕಿತ್ತು ಕಣೇ," ಅಂದರು ಶಾಂತಕ್ಕ.

"ಅಂದೆ ಶಾಂತಕ್ಕ. ಸೀಪ್ಲೇನ್ ಕತ್ತಲಲ್ಲಿ ಹಾರಲ್ಲ ಅಂದರು. ಬೆಳಗಾಗೋವರೆಗೂ ಸಿಟ್ಟು ಇಟ್ಟುಕೊಳ್ಳಬೇಕು. ಸರಿ, ಕೋಣೆಗೆ ಹೋಗಿ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಅಳೋಣ ಅಂದರೆ ಅದಕ್ಕೆ ಗಾಜಿನ ಗೋಡೆ. ನೆಲಕ್ಕೂ ಗಾಜು. ಕೆಳಗಿಂದ ಮೀನುಗಳು ನೋಡುತ್ತಿವೆ!"

"ಹಿಂದೆ ಇಬ್ನ್ ಬತೂತ ಅಂತ ಒಬ್ಬ ಯಾತ್ರಿಕ ಅಲ್ಲಿಗೆ ಹೋಗಿದ್ದ," ರಘು ಮತ್ತೆ ಬಾಯಿ ಹಾಕಿದ. "1343ರಲ್ಲಿ. ನೋಡಿಕೊಂಡು ಹೋಗೋಣ ಅಂತ ಬಂದವನನ್ನು ಹಿಡಿದು ನ್ಯಾಯಾಧೀಶನನ್ನಾಗಿ ಮಾಡಿದರು. ಅಲ್ಲಿ ನಾಲ್ಕು ಜನ ಹೆಂಡತಿಯರಿದ್ದರು ಅಂತ ಅವನೇ ಬರೆದಿದ್ದಾನೆ."

"ಚಿಕ್ಕ ದ್ವೀಪ, ನಾಲ್ಕು ಜನ ಹೆಂಡತಿಯರು! ಎಷ್ಟು ನಿಮಿಷಕ್ಕೊಬ್ಬರು ಎದುರಾಗುತ್ತಿದ್ದರು, ಲೆಕ್ಕ ಹಾಕು ರಘು. ಸುಮ್ನೆ ಹಡಗು ಹತ್ತಿದನಾ ಅವನು?"

"ಆಗ ಅಲ್ಲಿಂದ ಬಂಗಾಳಕ್ಕೆ ಹಡಗುಗಟ್ಟಲೆ ಕವಡೆ ಬರುತ್ತಿತ್ತು. ದುಡ್ಡಿನ ಹಾಗೆ ಚಲಾವಣೆಯಲ್ಲಿತ್ತು. ಬದಲಿಗೆ ಅವರಿಗೆ ಅಕ್ಕಿ."

"ಕೊಟ್ಟ ಕವಡೆಯನ್ನು ಈಗ ಬಡ್ಡಿ ಸಮೇತ ವಸೂಲಿ ಮಾಡುತ್ತಿದ್ದಾರೆ ಅನ್ನು. ನೋಡು ಸೀನುವನ್ನ. ಕವಡೆ ಕಾಸಾದರೂ ಉಳಿದಿದೆಯಾ?"

ಸೀನುವಿನ ಫೋನು ಆರಿಹೋಗುವ ಹಾಗಿತ್ತು. ಮಾಲಾ ಚಾರ್ಜರಿಗಾಗಿ ಬ್ಯಾಗು ಕೊಡವಿದಳು. ಹೊಲಿಗೆಯ ಸಂದಿಯಿಂದ ಒಂದು ಚಿಟಿಕೆ ಮರಳು ನೆಲಕ್ಕೆ ಉದುರಿತು. ಶಾಂತಕ್ಕ ಅದನ್ನು ಬೆರಳಿಗೆ ಹತ್ತಿಸಿಕೊಂಡು ಉಜ್ಜಿ ನೋಡಿದರು.

"ಹಿಟ್ಟಿನ ಹಾಗಿದೆಯಲ್ಲೇ!"

"ನಡುಮಧ್ಯಾಹ್ನ ನಡೆದರೂ ಕಾಲು ಸುಡಲ್ಲ ಶಾಂತಕ್ಕ."

"ಅದು ಹವಳ," ಅಂದ ರಘು. "ಪ್ಯಾರಟ್ ಫಿಶ್ ಅಂತ ಒಂದು ಮೀನಿದೆ, ಗಿಳಿಯ ಕೊಕ್ಕಿನಂಥ ಬಾಯಿ. ಹವಳದ ಬಂಡೆ ಕೆರೆದು ತಿನ್ನುತ್ತದೆ. ಅರಗದ್ದು ಹಿಂದಿನಿಂದ ಮರಳಾಗಿ ಬೀಳುತ್ತದೆ. ಆ ದಂಡೆಗಳಲ್ಲಿ ಇರೋದರಲ್ಲಿ ಎಷ್ಟೋ ಪಾಲು ಅದೇ."

ಶಾಂತಕ್ಕ ಬೆರಳನ್ನು ವೆಂಕಣ್ಣನ ಅಂಗಿಗೆ ಒರೆಸಿದರು. ವೆಂಕಣ್ಣ ಅದನ್ನು ಗಮನಿಸಲಿಲ್ಲ. "ಅದರ ಮೇಲೆ ಟವೆಲ್ ಹಾಸಿಕೊಂಡು ಮಲಗೋದಕ್ಕೆ ಡಾಲರ್ ಲೆಕ್ಕದಲ್ಲಿ ಬಿಲ್ಲು. ಆ ಮೀನಿಗೆ ಗೊತ್ತಾದರೆ ಪಾಲು ಕೇಳೀತು."

"ಜಗಳ ಏನಾಯಿತು, ಅದನ್ನು ಹೇಳೇ," ಅಂದರು ಶಾಂತಕ್ಕ.

"ಮೂರನೇ ಸಲ ಹೊರಟಾಗ ಕತ್ತಲಾಗಿತ್ತು," ಅಂದಳು ಮಾಲಾ. "ಅರ್ಧ ದಾರಿಯಲ್ಲಿ ನಾನೇ ನಿಂತುಬಿಟ್ಟೆ. ಕಾಲ ಹತ್ತಿರ ಒಂದು ಶಂಖ ನಡೆಯುತ್ತಿತ್ತು. ಒಳಗಿಂದ ಏಡಿ ಕಾಲು ಹಾಕಿಕೊಂಡು ಎಳೆದುಕೊಂಡು ಹೋಗುತ್ತಿತ್ತು. ಐದು ಹೆಜ್ಜೆ ಹೋಗೋದು, ನಿಲ್ಲೋದು. ಇವರು ಬಂದರು. ನಾನು ಮಾತಾಡಲಿಲ್ಲ, ಬೆರಳು ತೋರಿಸಿದೆ. ಇಬ್ಬರೂ ಕುಕ್ಕರುಗಾಲಲ್ಲಿ ಕೂತು ನೋಡಿದೆವು."

"ಅದಕ್ಕೆ ಸನ್ಯಾಸಿ ಏಡಿ ಅಂತಾರೆ," ಅಂದ ರಘು.

"ಎಂಥ ಸನ್ಯಾಸಿ? ಪಕ್ಕಾ ಸಂಸಾರಿ ಅದು," ಅಂದರು ವೆಂಕಣ್ಣ. "ಎಷ್ಟೇ ಸಿಟ್ಟು ಬರಲಿ, ಮನೆ ಬಿಟ್ಟು ಹೋಗೋ ಹಾಗಿಲ್ಲ. ಹೋದಲ್ಲೆಲ್ಲ ಮನೆ ಬೆನ್ನ ಮೇಲೇ."

"ಮಾರನೇ ದಿನ ಬೆಳಿಗ್ಗೆ ಅದನ್ನು ಹುಡುಕಿಕೊಂಡು ಜೊತೆಗೇ ಹೊರಟೆವು," ಅಂದ ಸೀನು. "ಸುತ್ತು ಮುಗಿಯಲೇ ಇಲ್ಲ. ಭರತದ ಹೊತ್ತು. ಒಂದು ಕಡೆ ದಂಡೆಯೇ ಇರಲಿಲ್ಲ. ತೆಂಗಿನ ಬೇರೆಲ್ಲ ಹೊರಗೆ ಬಂದು ನೀರಲ್ಲಿ ಅಲ್ಲಾಡುತ್ತಿದ್ದವು. ನಾಲ್ಕಾರು ಜನ ಪೈಪು ಹಿಡಿದು ಮರಳು ತಂದು ಸುರಿಯುತ್ತಿದ್ದರು. ಆಗಾಗ ಸುರಿಯುತ್ತಲೇ ಇರಬೇಕಂತೆ."

"ಅಲ್ಲಿನ ಬಹುಪಾಲು ನೆಲ ಸಮುದ್ರಕ್ಕಿಂತ ಒಂದು ಮೀಟರ್ ಕೂಡ ಎತ್ತರ ಇಲ್ಲ. ಅದಕ್ಕೇ 2009ರಲ್ಲಿ ಅವರ ಅಧ್ಯಕ್ಷರು ಮಂತ್ರಿಗಳನ್ನು ಕರೆದುಕೊಂಡು ನೀರಿನೊಳಗೆ ಇಳಿದು ಸಂಪುಟ ಸಭೆ ಮಾಡಿದ್ದು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು, ಬರೀ ಕೈಸನ್ನೆಯಲ್ಲಿ."

"ಯಾರೂ ಬಾಯಿ ಬಿಡದ ಸಂಪುಟ ಸಭೆ! ಅದನ್ನು ಎಲ್ಲ ದೇಶದಲ್ಲೂ..." ವೆಂಕಣ್ಣ ಅರ್ಧಕ್ಕೇ ನಿಲ್ಲಿಸಿದರು. ಯಾರೂ ನಗುತ್ತಿರಲಿಲ್ಲ.

"ಆ ಏಡಿ ತೋರಿಸು," ಅಂದರು ಶಾಂತಕ್ಕ.

"ತೆಗೆದಿದ್ದೆ ಶಾಂತಕ್ಕ. ಕತ್ತಲಲ್ಲಿ ಏನೂ ಬರಲಿಲ್ಲ."

ಆದರೂ ಸೀನು ಫೋನು ಕೊಟ್ಟ. ತೆರೆ ಪೂರ್ತಿ ಕಪ್ಪು. ಮೂಲೆಯಲ್ಲಿ ಬೂದು ಬಣ್ಣದ ಒಂದು ಚುಕ್ಕೆ, ಅದು ಏಡಿಯೋ ಮಾಲಾಳ ಹೆಬ್ಬೆರಳೋ. ನೀಲಿ ನೀರು ನೋಡಿ ಸಾಕಾಗಿದ್ದ ಶಾಂತಕ್ಕ ಆ ಕಪ್ಪು ಫೋಟೋವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

"ನಿಮಗೆ ಐದೂವರೆ ನಿಮಿಷ," ಅಂದರು ಆಮೇಲೆ. "ನಮ್ಮಲ್ಲಿ ಇವರ ಟಿವಿ ಕೆಳಗೆ, ನನ್ನದು ಮೇಲೆ. ಹೋದ ತಿಂಗಳು ನಾನು ಮುನಿಸಿಕೊಂಡು ನಾಲ್ಕು ದಿನ ಮಾತು ಬಿಟ್ಟಿದ್ದೆ. ಇವರಿಗೆ ಗೊತ್ತೇ ಆಗಲಿಲ್ಲ."

ಎಲ್ಲರೂ ವೆಂಕಣ್ಣನ ಕಡೆ ನೋಡಿದೆವು. ಅವರು ಅಂಗಿಗೆ ಅಂಟಿದ್ದ ಮರಳನ್ನು ಈಗ ಕಂಡವರ ಹಾಗೆ ಒಂದೊಂದೇ ಕಾಳು ಕೊಡವುತ್ತಿದ್ದರು.

"ಯಾವ ನಾಲ್ಕು ದಿನ?" ಅಂತ ಮೆಲ್ಲಗೆ ಕೇಳಿದರು.

ಶಾಂತಕ್ಕ ಉತ್ತರ ಕೊಡದೆ ಎದ್ದು ಚಪ್ಪಲಿ ಹುಡುಕತೊಡಗಿದರು. ವೆಂಕಣ್ಣನೂ ಎದ್ದರು. ಏನಾದರೂ ಮಾತಾಡಬೇಕಿತ್ತು, ಅದಕ್ಕೇ ಇರಬೇಕು, "ಗಂಟೆ ಎಷ್ಟಾಯಿತೋ?" ಅಂದರು.

"ಎಂಟು," ಅಂದ ಸೀನು, ಫೋನು ನೋಡಿ.

"ಎಂಟೂವರೆ," ಅಂದಳು ಮಾಲಾ, ವಾಚು ನೋಡಿ.

ಶಾಂತಕ್ಕ ಚಪ್ಪಲಿ ಬಿಟ್ಟು ಬಂದು ಮತ್ತೆ ಕೂತರು.