ಸಹಾಯ ಬೇಕು: ಕ್ರಯಾನಿಕ್ಸ್ ಖರ್ಚಿಗೆ ಟರ್ಮ್ ಪಾಲಿಸಿ ಸಾಕಾ, ಹೋಲ್ ಲೈಫೇ ಬೇಕಾ?

ಎಲ್ಲರಿಗೂ ನಮಸ್ಕಾರ. ಡೆಟ್ರಾಯಿಟ್ ಹತ್ತಿರ ಇದ್ದೀನಿ, ವಯಸ್ಸು 43. ತೀರಿಕೊಂಡ ಮೇಲೆ, ಮುಂದೊಂದು ದಿನ ವಿಜ್ಞಾನ ಮತ್ತೆ ಬದುಕಿಸಬಹುದು ಅನ್ನೋ ಆಸೆಯಿಂದ (ಇದೇ ಕ್ರಯಾನಿಕ್ಸ್), ನನ್ನ ದೇಹವನ್ನು ಇಲ್ಲೇ ಮಿಶಿಗನ್‌ನ ಕ್ರಯಾನಿಕ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡಿಸಬೇಕು ಅಂತ ತೀರ್ಮಾನಿಸಿದ್ದೀನಿ. ಸಂಸ್ಥೆಯ ಆಜೀವ ಸದಸ್ಯರಿಗೆ ಇದರ ಶುಲ್ಕ 28,000 ಡಾಲರ್. ಸತ್ತ ತಕ್ಷಣ ದೇಹ ತಣ್ಣಗಾಗಿಸೋಕೆ ಕೊನೆಗಾಲದಲ್ಲಿ ಪಕ್ಕದಲ್ಲೇ ಸಿದ್ಧವಾಗಿರೋ ತಂಡದ ಖರ್ಚು ಬೇರೆ. ಜೀವ ವಿಮೆ ಮಾಡಿಸಿ ಆ ದುಡ್ಡು ನೇರವಾಗಿ ಸಂಸ್ಥೆಗೇ ಸೇರೋ ಹಾಗೆ ಬರೆಸೋದು ರೂಢಿ.

ಆದರೆ ಇದಕ್ಕಾಗಿ ನನ್ನ ಹತ್ತಿರ ಇರೋದು ಟರ್ಮ್ ಪಾಲಿಸಿ, ಅಂದರೆ ಇಂತಿಷ್ಟು ವರ್ಷಕ್ಕೆ ಮಾತ್ರ ಇರೋ ವಿಮೆ; ನನ್ನ 63ನೇ ವಯಸ್ಸಿಗೆ ಮುಗಿಯುತ್ತೆ. 64ಕ್ಕೆ ಸತ್ತರೆ? ಈ ಚಿಂತೆಯಲ್ಲೇ ನಿದ್ದೆ ಬರ್ತಿಲ್ಲ. ಆಫೀಸಿನ ಗ್ರೂಪ್ ವಿಮೆಯಂತೂ ಕೆಲಸ ಬಿಟ್ಟರೆ ನಂಬೋ ಹಾಗಿಲ್ಲ.

ಟರ್ಮನ್ನು ಹೋಲ್ ಲೈಫ್‌ಗೆ (ಸಾಯೋವರೆಗೂ ಇರೋ ವಿಮೆಗೆ) ಬದಲಿಸಿಕೊಂಡವರು ಇದ್ದೀರಾ? ಮತ್ತೆ ವೈದ್ಯಕೀಯ ಪರೀಕ್ಷೆ ಕೇಳಿದರಾ? ಹೆಂಡತಿ ಮಕ್ಕಳ ಸಲುವಾಗಿ ಮಾಡಿಸಿದ ಪಾಲಿಸಿ ಬೇರೆ ಇದೆ, ಅದನ್ನು ಮುಟ್ಟಲ್ಲ. ಗೊತ್ತಿದ್ದವರು ದಯವಿಟ್ಟು ತಿಳಿಸಿ.