ಎಂಎಸ್ಸಿ ಗಣಿತ, ಮೂರನೇ ಸೆಮ್: ಮೆಷರ್ ಜೊತೆ ಫಂಕ್ಷನಲ್ ಅನಾಲಿಸಿಸ್ ತಗೊಂಡವರು ಹೇಗೆ ನಿಭಾಯಿಸಿದಿರಿ?

ಸಂಜೆ ಟ್ಯೂಷನ್
ಎರಡನೇ ಸೆಮ್ ಮುಗಿಯಿತು. ಮುಂದಿನದರಲ್ಲಿ ಮೆಷರ್ ಥಿಯರಿ (ಉದ್ದ, ವಿಸ್ತೀರ್ಣ ಅಳೆಯುವುದರ ಗಣಿತ) ಕಡ್ಡಾಯ. ಫಂಕ್ಷನಲ್ ಅನಾಲಿಸಿಸ್ (ಫಂಕ್ಷನ್‌ಗಳನ್ನೇ ಬಿಂದುಗಳಂತೆ ನೋಡುವ ಗಣಿತ), ಡಿಫರೆನ್ಶಿಯಲ್ ಜಾಮೆಟ್ರಿ (ವಕ್ರರೇಖೆ, ಮೇಲ್ಮೈಗಳದ್ದು), ಗ್ರಾಫ್ ಥಿಯರಿ (ಚುಕ್ಕಿ-ಗೆರೆಗಳ ಜಾಲದ್ದು), ಫ್ಲೂಯಿಡ್ ಮೆಕ್ಯಾನಿಕ್ಸ್ (ದ್ರವ, ಅನಿಲಗಳ ಹರಿವಿನದ್ದು), ಈ ನಾಲ್ಕರಲ್ಲಿ ಎರಡು ಆರಿಸಬೇಕು. ದಿನಾ ಸಂಜೆ ಎರಡು ಗಂಟೆ ಟ್ಯೂಷನ್ ಹೇಳುತ್ತೇನೆ, ಅದನ್ನು ಬಿಡೋ ಹಾಗಿಲ್ಲ. ನೆಟ್ (ಕಾಲೇಜು ಅಧ್ಯಾಪಕರಾಗಲು ಬರೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯುವ ಆಸೆ ಇದೆ. ಶುಕ್ರವಾರ ಫಾರ್ಮ್ ಕೊಡಬೇಕು. ನಿಮ್ಮ ಅನುಭವ ಹೇಳಿ.

ಬ್ಯಾಡಗಿ ಕಡೆಯವನು
ನಾನು 2016ರಲ್ಲಿ ಮೆಷರ್, ಫಂಕ್ಷನಲ್, ಜಾಮೆಟ್ರಿ ಮೂರನ್ನೂ ಒಟ್ಟಿಗೆ ತಗೊಂಡೆ. ಕ್ಲಾಸಲ್ಲಿ ಚೆನ್ನಾಗಿ ಓದುವವರೆಲ್ಲ ಅದನ್ನೇ ತಗೊಂಡಿದ್ದರು, ಅಷ್ಟೇ ಕಾರಣ.

ಮೆಷರ್‌ನಲ್ಲಿ ಕ್ಯಾಂಟರ್ ಸೆಟ್ ಬಂದ ವಾರ ಇನ್ನೂ ನೆನಪಿದೆ. 0ರಿಂದ 1ರವರೆಗಿನ ಗೆರೆ. ನಡುವಿನ ಮೂರನೇ ಒಂದು ಭಾಗ ತೆಗೆಯಬೇಕು, ಉಳಿದ ಎರಡು ತುಂಡುಗಳಲ್ಲೂ ನಡುವಿನದು ತೆಗೆಯಬೇಕು, ಹೀಗೇ ತೆಗೆಯುತ್ತಾ ಹೋಗಬೇಕು. ತೆಗೆದದ್ದನ್ನೆಲ್ಲ ಕೂಡಿದರೆ 1/3 + 2/9 + 4/27... ಸರಿಯಾಗಿ 1. ಗೆರೆಯ ಉದ್ದ ಪೂರ್ತಿ ಹೋಯಿತು, ಆದರೂ ಉಳಿದ ಬಿಂದುಗಳು ಎಣಿಕೆಗೇ ಸಿಗದಷ್ಟು. ಇದೊಂದು ತಲೆಗೆ ಹೋಗಲು ನನಗೆ ನಾಲ್ಕು ದಿನ ಬೇಕಾಯಿತು. ಅಷ್ಟರಲ್ಲಿ ಫಂಕ್ಷನಲ್‌ನಲ್ಲಿ ಹಾನ್-ಬನಾಖ್ ಪ್ರಮೇಯ ಮುಗಿದಿತ್ತು. ಅಲ್ಲಿ ಉದಾಹರಣೆಗೆ ಎಲ್‌ಪಿ ಸ್ಪೇಸ್ ಕೊಡುತ್ತಿದ್ದರು, ಇಲ್ಲಿ ಮೆಷರ್ ಕ್ಲಾಸಲ್ಲಿ ಅದಕ್ಕೆ ಬೇಕಾದ ಲೆಬೆಗ್ ಇಂಟಿಗ್ರಲ್ ಇನ್ನೂ ಶುರುವೇ ಆಗಿರಲಿಲ್ಲ.

ಫಂಕ್ಷನಲ್‌ನಲ್ಲಿ 31 ಬಂತು, ಫೇಲ್. ಆ ಪೇಪರ್ ಮತ್ತೆ ಬಂದಿದ್ದು ಒಂದು ವರ್ಷಕ್ಕೆ. ಆಗ ಹಾಸ್ಟೆಲ್ ಇಲ್ಲ. ರೂಮ್ ಬಾಡಿಗೆ 2,800ರಂತೆ ಎರಡು ತಿಂಗಳಿಗೆ 5,600, ಮೆಸ್ 3,400, ಪರೀಕ್ಷೆ ಫೀ, ಝೆರಾಕ್ಸ್, ಬಸ್ಸು, ಎಲ್ಲ ಸೇರಿ 11 ಸಾವಿರ ದಾಟಿತು. ಅಪ್ಪ ಮೆಣಸಿನಕಾಯಿ ಮಾರಿ ತಂದ ದುಡ್ಡು ಅದು. ಕೇಳಿದಾಗ ಒಂದು ಮಾತೂ ಆಡದೆ ಎಣಿಸಿ ಕೊಟ್ಟರು. ಅದೇ ಈಗಲೂ ಜಾಸ್ತಿ ನೋಯುತ್ತದೆ.

ಗ್ರಾಫ್ ತಗೊಂಡವಳು
ನಾನು ಗ್ರಾಫ್ ಮತ್ತು ಫ್ಲೂಯಿಡ್ ತಗೊಂಡೆ. ಸ್ವಲ್ಪವೂ ಬೇಜಾರಿಲ್ಲ. ಮನೆಯಲ್ಲಿ ಆರು ಮಕ್ಕಳಿಗೆ ಟ್ಯೂಷನ್, ತಲೆಗೆ 600, ತಿಂಗಳಿಗೆ 3,600. ಅದರಲ್ಲೇ ಅಮ್ಮನ ಬಿಪಿ ಮಾತ್ರೆ, ನನ್ನ ಬಸ್ ಪಾಸ್. ಬೆಳಿಗ್ಗೆ 6:40ರ ಬಸ್ಸು, ವಾಪಸ್ ಬರುವಾಗ 4:30, ಐದಕ್ಕೆ ಮಕ್ಕಳು ಬಾಗಿಲಲ್ಲಿ. ರಾತ್ರಿ ಒಂಬತ್ತರ ಮೇಲೆ ನನಗೆ ಸಿಗುತ್ತಿದ್ದದ್ದು ಒಂದೂವರೆ ಗಂಟೆ. ಆ ಒಂದೂವರೆ ಗಂಟೆಯನ್ನು ಮೆಷರ್ ಒಂದೇ ನುಂಗುತ್ತಿತ್ತು. ಗ್ರಾಫ್ ಪ್ರೂಫ್‌ಗಳನ್ನು ಬಸ್ಸಲ್ಲೇ ಚಿತ್ರ ಬಿಡಿಸಿ ಓದಬಹುದಿತ್ತು. 74 ಪರ್ಸೆಂಟ್ ಬಂತು, ಬಿಎಡ್ ಮಾಡಿದೆ, ಈಗ ಪಿಯು ಕಾಲೇಜಲ್ಲಿ ಪಾಠ ಮಾಡುತ್ತಿದ್ದೇನೆ.

ನಾರ್ಮ್
ಅವರು ನೆಟ್ ಅಂದಿದ್ದಾರೆ, ಪಿಯು ಅಂತ ಹೇಳಿಲ್ಲ. ನೆಟ್ ಸಿಲಬಸ್ ತೆಗೆದು ನೋಡಿ. ಲೆಬೆಗ್ ಮೆಷರ್ ಇದೆ, ಫಂಕ್ಷನಲ್‌ನಲ್ಲಿ ಬರುವ ನಾರ್ಮ್ಡ್ ಲೀನಿಯರ್ ಸ್ಪೇಸ್ ಇದೆ. ಗ್ರಾಫೂ ಇಲ್ಲ, ಫ್ಲೂಯಿಡ್ಡೂ ಇಲ್ಲ. ಸ್ಕೋರಿಂಗ್ ಅಂತ ಗ್ರಾಫ್ ತಗೊಂಡು ಆಮೇಲೆ ನೆಟ್‌ಗೆ ಕೂತು ಅಳುವವರನ್ನು ತುಂಬಾ ನೋಡಿದ್ದೇನೆ. ನಾನು ಫಂಕ್ಷನಲ್ ತಗೊಂಡೆ, ಮೂರನೇ ಸಲಕ್ಕೆ ನೆಟ್ ಆಯಿತು. ಮೊದಲೆರಡು ಸಲ ಹೋಗಿದ್ದು ಪ್ರಶ್ನೆಪತ್ರಿಕೆಯ ಕೊನೆಯ ಭಾಗ, ಪಾರ್ಟ್ ಸಿಯಲ್ಲಿ. ಒಂದೊಂದು ಪ್ರಶ್ನೆಗೂ 4.75 ಅಂಕ. ಸರಿ ಉತ್ತರ ಒಂದಕ್ಕಿಂತ ಹೆಚ್ಚಿರಬಹುದು, ಎಲ್ಲವನ್ನೂ ಗುರುತಿಸಿದರೆ ಮಾತ್ರ ಅಂಕ. ನಾಲ್ಕರಲ್ಲಿ ಮೂರು ಹಿಡಿದು ಒಂದು ಬಿಟ್ಟರೂ ಸೊನ್ನೆ. ಎರಡನೇ ಸಲ ಮನೆಗೆ ಬಂದು ಸರಿ ಉತ್ತರಗಳ ಕೀ ನೋಡಿದರೆ ಏಳು ಪ್ರಶ್ನೆಯಲ್ಲಿ ಹೀಗೇ ಆಗಿತ್ತು. 33.25 ಅಂಕ! ವಿಷಯ ಅರ್ಧಂಬರ್ಧ ಗೊತ್ತಿದ್ದರೆ ಅಲ್ಲಿ ನಡೆಯೋದಿಲ್ಲ.

ಗ್ರಾಫ್ ತಗೊಂಡವಳು
ಅಳುವವರು ಅಂದ್ರೆ ಯಾರು? ನಾನು ಅತ್ತಿಲ್ಲ. ಗ್ರಾಫ್ ಥಿಯರಿಯನ್ನು ಹಗುರವಾಗಿ ಮಾತಾಡಬೇಡಿ. ಧಾರವಾಡ, ಮೈಸೂರಲ್ಲಿ ಇ. ಸಂಪತ್‌ಕುಮಾರ್, ಕಲಬುರಗಿಯಲ್ಲಿ ವಿ. ಆರ್. ಕುಳ್ಳಿ ಜೀವಮಾನ ಕೊಟ್ಟ ವಿಷಯ ಅದು. ನಮ್ಮ ರಾಜ್ಯದಲ್ಲಿ ಎಷ್ಟು ಜನ ಗ್ರಾಫ್‌ನಲ್ಲೇ ಪಿಎಚ್‌ಡಿ ಮಾಡಿದ್ದಾರೆ ನೋಡಿ.

ನಾರ್ಮ್
ಅವರ ಬಗ್ಗೆ ನಾನೇನೂ ಹೇಳಿಲ್ಲ. ಪೇಪರ್ ಆರಿಸುವವರ ಬಗ್ಗೆ ಹೇಳಿದೆ. ನಮ್ಮ ಬ್ಯಾಚಲ್ಲಿ 28 ಜನ, 23 ಜನ ಗ್ರಾಫ್. ಫಂಕ್ಷನಲ್‌ಗೆ ಐದೇ ಜನ ಅಂತ ಕ್ಲಾಸೇ ನಿಲ್ಲಿಸಲು ಹೊರಟಿದ್ದರು. ನಾವು ಮೂರು ಸಲ ಅರ್ಜಿ ಕೊಟ್ಟು ಉಳಿಸಿಕೊಂಡೆವು. ಅದಕ್ಕೇ ಸಿಟ್ಟು.

ಹರಿಯುವ ನೀರು
ಫ್ಲೂಯಿಡ್ ಅಂದ್ರೆ ಯಾರಿಗೂ ಲೆಕ್ಕವೇ ಇಲ್ಲ ಅಲ್ವಾ? ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎನ್. ರುದ್ರಯ್ಯ ಕಟ್ಟಿದ ಪರಂಪರೆ ಅದು. ನಾನು ತಗೊಂಡಿದ್ದಕ್ಕೆ ಪಾರ್ಶಿಯಲ್ ಡಿಫರೆನ್ಶಿಯಲ್ ಈಕ್ವೇಷನ್ ಗಟ್ಟಿಯಾಯಿತು, ಅದು ನೆಟ್‌ನಲ್ಲಿ ಇದೆ. ದ್ರವ ಹೇಗೆ ಹರಿಯುತ್ತದೆ ಅಂತ ಹೇಳುವ ನೇವಿಯರ್-ಸ್ಟೋಕ್ಸ್ ಸಮೀಕರಣವನ್ನು ಎರಡು ತಟ್ಟೆಗಳ ನಡುವಿನ ಹರಿವಿಗೆ ಇಳಿಸಿ ಬಿಡಿಸಿದರೆ ವೇಗ ಪ್ಯಾರಾಬೋಲಾ ಆಗಿ ಬರುತ್ತದೆ: ತಟ್ಟೆ ಹತ್ತಿರ ಸೊನ್ನೆ, ನಡುವೆ ಎಲ್ಲಕ್ಕಿಂತ ಜಾಸ್ತಿ. ಅವತ್ತು ಸಂಜೆ ಊರ ಕಾಲುವೆಗೆ ಹೋಗಿ ಎಲೆ ಬಿಟ್ಟು ನೋಡಿದೆ. ದಂಡೆಯ ಎಲೆ ಹಿಂದೆ ಉಳಿಯಿತು, ನಡುವಿನದು ಓಡಿತು. ಅಷ್ಟು ಖುಷಿ ಮೆಷರ್‌ನಲ್ಲಿ ನನಗೆ ಒಂದು ದಿನವೂ ಸಿಗಲಿಲ್ಲ.

ನಾರ್ಮ್
ಕಾಲುವೆ ಹರಿವಿಗೂ ಎರಡು ತಟ್ಟೆಯ ಲೆಕ್ಕಕ್ಕೂ ವ್ಯತ್ಯಾಸ ಇದೆ. ಕಾಲುವೆ ನೀರು ಟರ್ಬುಲೆಂಟ್, ಅಂದ್ರೆ ಸುಳಿಸುಳಿಯಾಗಿ ಹರಿಯುತ್ತದೆ, ಪ್ಯಾರಾಬೋಲಾ ಬರೋದಿಲ್ಲ.

ಹರಿಯುವ ನೀರು
ಗೊತ್ತು. ಎಲೆ ಬಿಟ್ಟದ್ದು ಖುಷಿಗೆ, ಥೀಸಿಸ್‌ಗೆ ಅಲ್ಲ. ಎಲ್ಲದಕ್ಕೂ ಪಾರ್ಟ್ ಸಿ ಥರ ಅಂಕ ಹಾಕಬೇಡಿ.

ಬ್ಯಾಡಗಿ ಕಡೆಯವನು
ಜಗಳ ಬಿಡಿ. ಅವರ ಸಂಜೆ ಎರಡು ಗಂಟೆಯ ಬಗ್ಗೆ ಯಾರೂ ಮಾತೇ ಆಡಲಿಲ್ಲ. ನಾನು ಬಿದ್ದದ್ದು ಫಂಕ್ಷನಲ್ ಕಷ್ಟ ಅಂತಲ್ಲ, ಮೂರು ಪ್ರೂಫ್ ಪೇಪರ್ ಒಂದೇ ಸೆಮ್‌ನಲ್ಲಿ ಇಟ್ಟುಕೊಂಡೆ ಅಂತ. ಎರಡನೇ ಸಲ ಫಂಕ್ಷನಲ್ ಒಂದನ್ನೇ ಓದಿದೆ, 67 ಬಂತು.

ಸಂಜೆ ಟ್ಯೂಷನ್
ಎಲ್ಲ ಓದಿದೆ. ಫಂಕ್ಷನಲ್ ಮತ್ತು ಗ್ರಾಫ್ ಬರೆದು ಫಾರ್ಮ್ ಕೊಟ್ಟೆ. ಟ್ಯೂಷನ್ ಮಕ್ಕಳನ್ನು ಒಂದೇ ಬ್ಯಾಚ್ ಮಾಡಿ ಅರ್ಧ ಗಂಟೆ ಉಳಿಸಿಕೊಂಡಿದ್ದೇನೆ. ಬ್ಯಾಡಗಿ ಅಣ್ಣ, ನಿಮ್ಮ ಫಂಕ್ಷನಲ್ ನೋಟ್ಸ್ ಇನ್ನೂ ಇದೆಯಾ?

ಬ್ಯಾಡಗಿ ಕಡೆಯವನು
ಇದೆ. ಎರಡು ಪುಸ್ತಕ ಇವೆ. ಎರಡನೇದನ್ನು ಕಳಿಸುತ್ತೇನೆ.